ಸೀಸದ ಬಿಲ್ಲೆ ಕೊಡುತ್ತಿದ್ದವರು

ನಮ್ಮ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಕೂರಬೇಕಾದರೆ ಕೈಯಲ್ಲಿ ಒಂದು ಬಿಲ್ಲೆ ಇರಬೇಕು. ಹಳೆಯ ಎಂಟಾಣೆಯಷ್ಟು ಅಗಲದ ಸೀಸದ ಬಿಲ್ಲೆ. ಒಂದು ಬದಿಯಲ್ಲಿ ಬಟ್ಟಲಿನ ಗುರುತು, ಇನ್ನೊಂದು ಬದಿ ಬೆರಳು ತಾಗಿ ತಾಗಿ ನುಣುಪಾಗಿದೆ. ಬೇರೆ ಸಭೆಯವರು ಇದನ್ನು ಕೇಳಿದರೆ ನಗುತ್ತಾರೆ. ಬೇತಮಂಗಲದ ನನ್ನ ತವರಿನಲ್ಲೂ ನಕ್ಕಿದ್ದರು. ಸಿನಿಮಾ ಟಿಕೀಟು ಇದ್ದ ಹಾಗಾ ಎಂದು ನನ್ನ ಅಣ್ಣ ಕೇಳಿದ್ದ. ನನಗೂ ಮದುವೆಯಾದ ಹೊಸದರಲ್ಲಿ ನಗು ಬಂದಿತ್ತು.

ಆ ಬಿಲ್ಲೆಗಳನ್ನು ಮನೆ ಮನೆಗೆ ತಂದು ಕೊಡುತ್ತಿದ್ದವರು ನಮ್ಮ ಸಭೆಯ ಹಿರಿಯರೊಬ್ಬರು. ಅವರು ತೀರಿಕೊಂಡು ಇನ್ನೂ ತಿಂಗಳಾಗಿಲ್ಲ. ಬಿಲ್ಲೆಗಳಿದ್ದ ಖಾಕಿ ಚೀಲ ಈಗ ನಮ್ಮ ಅಡುಗೆಮನೆಯಲ್ಲಿ, ಅಕ್ಕಿ ಡಬ್ಬದ ಪಕ್ಕದಲ್ಲಿದೆ.

ಊರಿಗಾಂನ ನಮ್ಮ ಚರ್ಚು ಪ್ರೆಸ್ಬಿಟೇರಿಯನ್ ಪದ್ಧತಿಯದು. ಸ್ಕಾಟ್ಲೆಂಡಿನಿಂದ ಚಿನ್ನದ ಗಣಿಗೆ ಬಂದ ದೊರೆಗಳು ಕಟ್ಟಿಸಿದ್ದು. ದೊರೆಗಳು ಹೋದರು, ಪದ್ಧತಿ ಉಳಿಯಿತು. ಹಾಡುವಾಗ ಕೂರುತ್ತೇವೆ, ಪ್ರಾರ್ಥನೆಗೆ ನಿಲ್ಲುತ್ತೇವೆ. ಹೊಸಬರು ಬಂದರೆ ನಾವು ಕೂತಾಗ ನಿಂತು, ನಾವು ನಿಂತಾಗ ಕೂತು ಪೇಚಾಡುತ್ತಾರೆ. ಹಾಡುವುದು ಬೈಬಲಿನ ಕೀರ್ತನೆಗಳನ್ನು ಮಾತ್ರ, ಅದೂ ವಾದ್ಯವಿಲ್ಲದೆ. ಹಿರಿಯರು ಒಂದು ಸಾಲು ಎತ್ತಿಕೊಡುತ್ತಾರೆ, ನಾವು ಅದನ್ನೇ ಹಾಡುತ್ತೇವೆ. ಕನ್ನಡದವರು ಕನ್ನಡದಲ್ಲಿ, ತಮಿಳಿನವರು ತಮಿಳಿನಲ್ಲಿ, ರಾಗ ಒಂದೇ. ವರ್ಷಕ್ಕೆ ಎರಡು ಸಲ ಭೋಜನಕ್ಕೆ ಉದ್ದನೆಯ ಮೇಜು ಹಾಕಿ, ಬಿಳಿ ಬಟ್ಟೆ ಹಾಸಿ, ಎರಡೂ ಕಡೆ ಕೂತು, ರೊಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತೇವೆ.

ಆ ಹಿರಿಯರನ್ನು ನಾನು ದೊಡ್ಡಪ್ಪ ಎನ್ನುತ್ತಿದ್ದೆ. ನಂಟಿನಿಂದಲ್ಲ, ಬಾಯಿಗೆ ಹಾಗೆ ಬಂದಿತ್ತು. ಗಣಿ ಮುಚ್ಚುವವರೆಗೆ ಅವರ ಕೆಲಸವೂ ಬಿಲ್ಲೆಯದೇ. ಗಣಿಗೆ ಇಳಿಯುವ ಬಾವಿಯ ಬಾಯಲ್ಲಿ ಒಂದು ಕಿಟಕಿ, ಕಿಟಕಿಯ ಹಿಂದೆ ಮೊಳೆ ಹೊಡೆದ ದೊಡ್ಡ ಹಲಗೆ, ಪ್ರತಿ ಮೊಳೆಗೂ ಒಬ್ಬೊಬ್ಬ ಕೆಲಸಗಾರನ ನಂಬರಿನ ಹಿತ್ತಾಳೆ ಬಿಲ್ಲೆ. ಇಳಿಯುವವನು ತೆಗೆದುಕೊಂಡು ಇಳಿಯಬೇಕು, ಮೇಲೆ ಬಂದವನು ವಾಪಸು ಕೊಡಬೇಕು. ವಾರವಿಡೀ ಹಿತ್ತಾಳೆ, ಸಭೆಗೆ ಬಂದರೆ ಸೀಸ. ನನ್ನ ಅತ್ತೆ ಅವರನ್ನು 'ಬಿಲ್ಲೆಯೋನು' ಎಂದೇ ಕರೆಯುತ್ತಿದ್ದರು. ಅವರಿಗಿಂತ ನಾಲ್ಕು ವರ್ಷ ದೊಡ್ಡವರಾದ್ದರಿಂದ ನಮ್ಮ ಸಭೆಯಲ್ಲಿ ಅವರನ್ನು ಏಕವಚನದಲ್ಲಿ ಮಾತಾಡಿಸುವ ಹಕ್ಕು ಇದ್ದದ್ದು ಅತ್ತೆಗೆ ಮಾತ್ರ.

ಗಣಿ ಮುಚ್ಚಿದ ಮೇಲೆ ಅವರು ಬಂಗಾರಪೇಟೆಯಲ್ಲಿ ಮಗಳ ಮನೆ ಸೇರಿದರು. ಆದರೂ ಪ್ರತಿ ಭಾನುವಾರ ಬೆಳಗಿನ ಪ್ಯಾಸೆಂಜರಿನಲ್ಲಿ ಬಂದು ಊರಿಗಾಂ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದರು. ಗಂಜಿ ಹಾಕಿದ ಬಿಳಿ ಪಂಚೆ, ಕಂಕುಳಲ್ಲಿ ಛತ್ರಿ. ಸಾಲು ಎತ್ತುವ ಮುಂಚೆ ಮೂರು ಸಲ ಗಂಟಲು ಸರಿಮಾಡಿಕೊಳ್ಳುವರು, ಎರಡಲ್ಲ, ನಾಲ್ಕಲ್ಲ. ಆಮೇಲೆ ಎರಡು ಬೆರಳಿನಿಂದ ತೊಡೆಯ ಮೇಲೆ ತಾಳ ಹಾಕುತ್ತಾ ಶುರು ಮಾಡುವರು. ಅವರ ದನಿ ಚೆನ್ನಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಕೊನೆಯ ಬೆಂಚಿನಲ್ಲಿ ಮಗುವಿಗೆ ಹಾಲು ಕುಡಿಸುತ್ತಿದ್ದವಳಿಗೂ ಹಿಡಿಯಲು ಸಿಗುವಂಥ ದನಿ.

ಹಳೆಯ ಪದ್ಧತಿಯಲ್ಲಿ ಕ್ರಿಸ್ಮಸ್ಸೂ ಇಲ್ಲ. ವರ್ಷದ ಎಲ್ಲ ಭಾನುವಾರವೂ ಕರ್ತನದೇ ಆಗಿರುವಾಗ ಮನುಷ್ಯರು ಬೇರೆ ದಿನ ಗೊತ್ತುಮಾಡಬಾರದು ಎಂಬುದು ಅವರ ಲೆಕ್ಕ. ಚರ್ಚಿಗೆ ನಕ್ಷತ್ರ ಕಟ್ಟಲು ಬಿಟ್ಟವರಲ್ಲ. ಆದರೆ ಅದೇ ದಿನ ನಮ್ಮ ಮನೆಗೆ ತಪ್ಪದೆ ಬಂದು, ಬಾಗಿಲಲ್ಲಿ ತೂಗುತ್ತಿದ್ದ ನಕ್ಷತ್ರವನ್ನು ನೋಡದವರಂತೆ ತಲೆ ಬಗ್ಗಿಸಿ ಒಳಗೆ ಬಂದು, ಆರೇಳು ಕಜ್ಜಾಯ ತಿನ್ನುತ್ತಿದ್ದರು. "ಅಬ್ಬ ಇಲ್ಲ ಅಂದ್ಯಲ್ಲಾ, ಕಜ್ಜಾಯ ಎಂಗೆ ಇಳೀತೈತೆ?" ಎಂದು ಅತ್ತೆ ಕೇಳಿದರೆ, "ಬೆಲ್ಲಕ್ಕೆ ಯಾವ ಪದ್ಧತಿ ಅಕ್ಕಾ" ಎನ್ನುವರು.

ಬಿಲ್ಲೆಯ ವಿಷಯದಲ್ಲಿ ಮಾತ್ರ ಹೀಗೆ ನಕ್ಕು ಬಿಡುವವರಲ್ಲ. ಮೇಜಿನ ಭಾನುವಾರಕ್ಕೆ ಒಂದು ವಾರ ಮುಂಚೆ ಮನೆ ಮನೆಗೆ ಬರುತ್ತಿದ್ದರು. ಕುರ್ಚಿ ಕೊಟ್ಟರೂ ಹೊಸ್ತಿಲ ಹತ್ತಿರದ ಸ್ಟೂಲಿನ ಮೇಲೆ ಕೂತು ಪ್ರತಿಯೊಬ್ಬರನ್ನೂ ಕೇಳುವುದು ಎರಡೇ ಪ್ರಶ್ನೆ. ಯಾರ ಮೇಲಾದರೂ ಕೋಪ ಇದೆಯಾ? ನಿನ್ನ ಮೇಲೆ ಯಾರಿಗಾದರೂ ಇದೆಯಾ? ಇಲ್ಲ ಎಂದರೆ ಅಂಗೈಯಲ್ಲಿ ಬಿಲ್ಲೆ, ಮೇಜಿಗೆ ಕೂರುವಾಗ ಅದನ್ನು ವಾಪಸು ಕೊಡಬೇಕು. ಇದೆ ಎಂದರೆ ಬಿಲ್ಲೆ ಚೀಲದಲ್ಲೇ.

ಮದುವೆಯಾದ ಎರಡನೇ ವರ್ಷ ನನಗೆ ಬಿಲ್ಲೆ ಸಿಗಲಿಲ್ಲ. ಪಕ್ಕದ ಮನೆಯಲ್ಲೇ ಇದ್ದ ನನ್ನ ಓರಗಿತ್ತಿಯ ಜೊತೆ ನಾಲ್ಕು ತಿಂಗಳಿಂದ ಮಾತು ಬಿಟ್ಟಿದ್ದೆ. ಕಾರಣ ಕೊಳಾಯಿ. ನಮ್ಮ ಲೈನಿನ, ಅಂದರೆ ಗಣಿ ಕೆಲಸಗಾರರ ಮನೆಸಾಲಿನ, ನಡುವೆ ಒಂದೇ ನಲ್ಲಿ, ಸಾಲಿನಲ್ಲಿಟ್ಟಿದ್ದ ನನ್ನ ಬಿಂದಿಗೆಯನ್ನು ಹಿಂದಕ್ಕೆ ಸರಿಸಿ ಅವಳು ತನ್ನದನ್ನು ಮುಂದಿಟ್ಟಿದ್ದಳು. ದೊಡ್ಡಪ್ಪ ಕೇಳಿದಾಗ ನಾನು ಇಲ್ಲ ಎಂದೆ. ಅವರು ಗೋಡೆಯ ಕಡೆ ನೋಡಿದರು. ಗೋಡೆಯ ಆಚೆ ಅವಳು ಪಾತ್ರೆ ತೊಳೆಯುವ ಸದ್ದು.

"ಶನಿವಾರ ಬತ್ತೀನಿ ಮಗಾ," ಎಂದು ಮುಷ್ಟಿಯಲ್ಲಿದ್ದ ಬಿಲ್ಲೆಯನ್ನು ಚೀಲಕ್ಕೆ ಹಾಕಿ ಎದ್ದರು.

ಆ ವಾರವೆಲ್ಲಾ ಅವರನ್ನು ಬೈದುಕೊಂಡೆ. ಗಣಿ ಕಂಪನಿಯ ಬುದ್ಧಿಯನ್ನು ದೇವರ ಮನೆಗೂ ತಂದಿದ್ದಾರೆ ಎಂದು ಗಂಡನ ಹತ್ತಿರ ಕೂಗಾಡಿದೆ. ಶುಕ್ರವಾರ ಬೆಳಿಗ್ಗೆ ನಲ್ಲಿಯ ಹತ್ತಿರ ಅವಳ ಬಿಂದಿಗೆ ತುಂಬಿ ಹರಿಯುತ್ತಿತ್ತು, ಅವಳು ಕಾಣಲಿಲ್ಲ. ಎತ್ತಿಕೊಂಡು ಹೋಗಿ ಅವಳ ಬಾಗಿಲಲ್ಲಿ ಇಟ್ಟೆ. ಅವಳು ಹೊರಗೆ ಬಂದು ನೋಡಿ, ಒಳಗೆ ಹೋಗಿ, ಒಂದು ಲೋಟ ಕಾಫಿ ತಂದಳು. ಇಬ್ಬರೂ ಬಿಂದಿಗೆಯ ವಿಷಯ ಎತ್ತಲೇ ಇಲ್ಲ. ಇವತ್ತಿಗೂ ಎತ್ತಿಲ್ಲ. ಶನಿವಾರ ದೊಡ್ಡಪ್ಪ ಬಂದು ಬಿಲ್ಲೆ ಕೊಟ್ಟರು. ನನ್ನ ಮೊದಲ ಬಾಣಂತನ ಮಾಡಿದವಳು ಅವಳು. ದೇವರು ನನಗೆ ಕೊಟ್ಟ ಸಣ್ಣ ಸಣ್ಣ ದಯೆಗಳನ್ನು ಎಣಿಸಲು ಕೂತರೆ ತುಂಬಿ ಹರಿದ ಆ ಬಿಂದಿಗೆಯಿಂದಲೇ ಶುರು ಮಾಡುತ್ತೇನೆ.

ಗಣಿ ಮುಚ್ಚಿತು. ಜನ ಕೆಲಸ ಹುಡುಕಿಕೊಂಡು ಚದುರಿದರು. ಅರವತ್ತು ಬಿಲ್ಲೆಯ ಸಭೆ ಇಪ್ಪತ್ತೈದಕ್ಕೆ ಇಳಿಯಿತು. ಮೂರು ವರ್ಷದ ಹಿಂದೆ ಹೊಸ ಪಾಸ್ಟರು ಬಂದರು. ಒಳ್ಳೆಯ ಹುಡುಗ, ಹಟವಿಲ್ಲ, ಮಾತಿನಲ್ಲಿ ವಿನಯ. ಅವರ ಹೆಂಡತಿ ಕೀಬೋರ್ಡ್ ನುಡಿಸುತ್ತಿದ್ದಳು. ಬೇರೆ ಸಭೆಗಳಿಗೆ ಹೋಗುತ್ತಿರುವ ನಮ್ಮ ಮಕ್ಕಳು ವಾಪಸು ಬರಬೇಕಾದರೆ ಕೆಲವನ್ನು ಬಿಡಬೇಕಾಗುತ್ತದೆ ಎಂದು ಪಾಸ್ಟರು ಸಭೆ ಕರೆದರು. ವಾದ್ಯ ಬೇಕು, ಬಿಲ್ಲೆ ಬೇಡ. ದೊರೆಗಳ ಕಾಲದ ಪದ್ಧತಿ ಇವತ್ತಿನವರನ್ನು ಯಾಕೆ ಕಟ್ಟಿಹಾಕಬೇಕು, ಜನರನ್ನು ಹೊರಗಿಡುವುದಕ್ಕೆ ಬಿಲ್ಲೆ ಯಾಕೆ ಎಂದು ಮೆತ್ತಗೆ ಕೇಳಿದರು.

ದೊಡ್ಡಪ್ಪ ವಾದ್ಯದ ಮಾತಿಗೆ ಬರೀ ತಲೆ ಆಡಿಸಿದರು. ಬಿಲ್ಲೆಯ ಮಾತು ಬಂದಾಗ ಎದ್ದು ನಿಂತರು.

"ಗಣೀಲಿ ನಾನು ಬಿಲ್ಲೆ ಕೊಡ್ತಿದ್ದದ್ದು ಯಾರನ್ನೂ ಒರಗಿಡೋಕಲ್ಲ ಪಾಸ್ಟರೇ. ಸಂಜೆ ಎಲ್ಲಾ ಮೇಲೆ ಬಂದ್ಮೇಲೆ ಅಲಗೆ ನೋಡ್ತಿದ್ದೆ. ಒಂದು ಮೊಳೆ ಬರಿದಾಗಿದ್ರೆ ಒಬ್ಬ ಇನ್ನೂ ಕೆಳಗವ್ನೆ ಅಂತ. ಅವನು ಸಿಗೋಗಂಟ ನಾನು ಮನೇಗೆ ಓಗಂಗಿಲ್ಲ. ಬಿಲ್ಲೆ ಇಲ್ದಿದ್ರೆ ಯಾರು ಕೆಳಗುಳಿದ್ರು ಅಂತ ನಿಮಗೆಂಗೆ ಗೊತ್ತಾಗ್ತದೆ?"

ಪಾಸ್ಟರು ಕೈ ಎತ್ತಿಸಿ ಎಣಿಸಿದರು. ಬಿಲ್ಲೆ ಉಳಿಯಿತು, ಕೀಬೋರ್ಡೂ ಬಂತು. ಎರಡರ ಪರವಾಗಿಯೂ ನಾನು ಕೈ ಎತ್ತಿದ್ದೆ. ಹಳೆಯದಾದದ್ದಕ್ಕೇ ಎಲ್ಲವೂ ಉಳಿಯಬೇಕು ಎನ್ನುವವಳಲ್ಲ ನಾನು. ನನಗೆ ಕೀಬೋರ್ಡ್ ಇಷ್ಟ; ಪಾತ್ರೆ ತೊಳೆಯುವಾಗ ಅದರ ರಾಗ ನೆನಪಿಗೆ ಬರುತ್ತದೆ. ಅಂದಿನಿಂದ ದೊಡ್ಡಪ್ಪ ಅದು ನುಡಿಯುತ್ತಿದ್ದಷ್ಟು ಹೊತ್ತು ಹೊರಗೆ ಮೆಟ್ಟಿಲ ಮೇಲೆ ಛತ್ರಿ ಬಿಡಿಸಿಕೊಂಡು ಕೂತಿದ್ದು, ಅದು ನಿಂತ ಮೇಲೆ ಒಳಗೆ ಬರುತ್ತಿದ್ದರು. ಪಾಸ್ಟರ ಹೆಂಡತಿ ನಮಸ್ಕಾರ ಎಂದರೆ ಛತ್ರಿ ಮಡಿಸುವುದರಲ್ಲಿ ಮಗ್ನರಾಗುತ್ತಿದ್ದರು. ಆ ಹುಡುಗಿ ಒಂದೆರಡು ಸಲ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಇದು ದೊಡ್ಡಪ್ಪನದೇ ತಪ್ಪು, ಮುಚ್ಚಿಡುವುದಿಲ್ಲ.

ಅಷ್ಟರಲ್ಲಿ ನನ್ನ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಹಾಸಿಗೆ ಹಿಡಿದು ವರ್ಷ ದಾಟಿತು. ನೆನಪು ಬರುವುದು, ಹೋಗುವುದು. ನನ್ನನ್ನು ಒಮ್ಮೊಮ್ಮೆ ತಮ್ಮ ತಂಗಿ ಎಂದುಕೊಳ್ಳುವರು. ಆದರೆ ಭಾನುವಾರ ನಾನು ಚರ್ಚಿನಿಂದ ಬಂದು ಸೀರೆ ಬದಲಾಯಿಸುತ್ತಿದ್ದರೆ ಮಾತ್ರ ಮಂಚದಿಂದ ಕೇಳುವರು: "ರೊಟ್ಟಿ ಮುರಿದ್ರಾ? ನಂಗೆ ಯಾವಾಗ?" ಎರಡು ಸಲದ ಮೇಜು ಅವರಿಗೆ ತಪ್ಪಿತ್ತು. ಡಾಕ್ಟರು ಇನ್ನು ಬಹಳ ದಿನ ಇಲ್ಲ ಎಂದಿದ್ದರು. ಸಾಯುವ ಮುಂಚೆ ಒಂದು ಸಲ ಕರ್ತನ ಮೇಜಿನಲ್ಲಿ ಪಾಲು ಸಿಗಬೇಕು, ಅಷ್ಟೇ ಅವರ ಆಸೆ.

ನಾನು ಪಾಸ್ಟರನ್ನು ಕೇಳಿದೆ. ಅದಕ್ಕೇನಕ್ಕಾ, ಭೋಜನ ಮುಗಿದ ಮೇಲೆ ರೊಟ್ಟಿ, ರಸ ತಂದು ಮನೆಯಲ್ಲೇ ಕೊಡುತ್ತೇನೆ, ಐದು ನಿಮಿಷದ ಕೆಲಸ ಎಂದರು. ನನಗೆ ಎದೆ ಹಗುರಾಯಿತು. ಅಲ್ಲೇ ಇದ್ದ ದೊಡ್ಡಪ್ಪ ಆಗುವುದಿಲ್ಲ ಎಂದುಬಿಟ್ಟರು. ನಮ್ಮ ಹಳೆಯ ಪದ್ಧತಿಯಲ್ಲಿ ಒಬ್ಬರಿಗೇ ಅಂತ ಮನೆಯಲ್ಲಿ ಭೋಜನ ಕೊಡುವಂತಿಲ್ಲ, ಸಭೆ ಕೂಡಿದ ಕಡೆಯೇ ಮೇಜು.

"ಕರ್ತನ ಮೇಜು ಟಿಫನ್ ಕ್ಯಾರಿಯರ್ ಅಲ್ಲ, ಕಟ್ಕೊಂಡು ಓಗೋಕೆ," ಎಂದರು.

ನಾನು ಮನೆಗೆ ಬಂದೆ. ಒಂದು ಬಿಂದಿಗೆಗೋಸ್ಕರ ಒಂದು ಸಲ ಬೈದಿದ್ದೆ. ಈ ಸಲ ಬೈಯಲೂ ಆಗಲಿಲ್ಲ. ನಾನು ನಂಬಿದ ಮನುಷ್ಯ ಪದ್ಧತಿಯ ಹೆಸರಿನಲ್ಲಿ ಒಂದು ಮುದುಕಿಯ ಬಾಯಿಂದ ರೊಟ್ಟಿ ಕಿತ್ತುಕೊಂಡ ಹಾಗೆ ಅನ್ನಿಸಿತು.

ಮುಂದಿನ ವಾರ ಬಿಲ್ಲೆಯ ಚೀಲ ಹಿಡಿದು ಬಂದರು. ನನ್ನ ಗಂಡನನ್ನು ಕೇಳಿದರು, ಕೊಟ್ಟರು. ನನ್ನನ್ನು ಕೇಳುವ ಮುಂಚೆ ಮಂಚದ ಹತ್ತಿರ ಹೋದರು. ಅತ್ತೆ ಮೇಜಿಗೆ ಬರಲಾರರು ಎಂದು ಗೊತ್ತಿದ್ದರೂ ಪಟ್ಟಿಯಲ್ಲಿ ಹೆಸರಿರುವವರೆಗೆ ಕೇಳಲೇಬೇಕು ಎಂಬುದು ಅವರ ನಿಯಮ.

"ಅಕ್ಕಾ, ಯಾರ ಮೇಲಾದ್ರೂ ಕೋಪ ಐತಾ?"

ಅತ್ತೆ ಅವರನ್ನು ದಿಟ್ಟಿಸಿ ನೋಡಿದರು. ಆ ಹೊತ್ತಿಗೆ ನೆನಪು ಸರಿಯಾಗಿತ್ತು.

"ಐತೆ. ನಿನ್ ಮೇಲೇ ಕಣ್ಲಾ."

"ನನ್ ಮೇಲಾ? ಯಾಕಕ್ಕಾ?"

"ನನ್ನ ಬುಟ್ಟು ನೀವೆಲ್ಲಾ ತಿಂತೀರಲ್ಲಾ."

ದೊಡ್ಡಪ್ಪ ಕೈಯಲ್ಲಿದ್ದ ಅತ್ತೆಯ ಬಿಲ್ಲೆಯನ್ನು ಚೀಲಕ್ಕೆ ಹಾಕಿದರು. ಆಮೇಲೆ ಅಂಗಿಯ ಜೇಬಿಗೆ ಕೈ ಹಾಕಿ, ತಮಗೆಂದು ತೆಗೆದಿಟ್ಟುಕೊಂಡಿದ್ದ ಬಿಲ್ಲೆ ತೆಗೆದು ಅದನ್ನೂ ಚೀಲಕ್ಕೆ ಹಾಕಿದರು. ಒಬ್ಬರಿಗೆ ನಿನ್ನ ಮೇಲೆ ಕೋಪವಿದ್ದರೆ ನಿನಗೂ ಬಿಲ್ಲೆ ಇಲ್ಲ, ನಿಯಮ ಅವರದೇ. ನಲವತ್ತು ವರ್ಷದಲ್ಲಿ ಒಂದು ಸಲವೂ ಮೇಜು ತಪ್ಪಿಸದ ಮನುಷ್ಯ. ಮುದುಕಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಹೇಳಲಿಲ್ಲ.

"ಶನಿವಾರ ಬತ್ತೀನಿ ಅಕ್ಕಾ," ಎಂದು ಛತ್ರಿ ಮರೆತು ಹೋದರು.

ಶನಿವಾರ ಬಂದರು. ಹಿಂದೆ ಪಾಸ್ಟರು, ನನ್ನ ಗಂಡ, ಮೈದುನ, ಮೇಜಿನ ಹಲಗೆಗಳನ್ನು ಹೊತ್ತ ಇನ್ನೂ ನಾಲ್ವರು. ನಮ್ಮ ಮೇಜು ಮೂರು ಉದ್ದನೆಯ ಹಲಗೆ, ಕೆಳಗೆ ಕಾಲುಗಳು, ಬಿಚ್ಚಿ ಜೋಡಿಸಬಹುದು. ಲೈನಿನ ಮನೆ ಎಂದರೆ ಎರಡು ಕೋಣೆ, ಇಪ್ಪತ್ತೈದು ಜನ ಎಲ್ಲಿ ಹಿಡಿಸಬೇಕು? ದೊಡ್ಡಪ್ಪ ಮೊಳ ಹಾಕಿ ಅಳೆದರು. ಮೇಜಿನ ಒಂದು ತುದಿ ಅತ್ತೆಯ ಮಂಚಕ್ಕೆ ತಾಗಿತು. ಅಲ್ಲಿಂದ ಹೊಸ್ತಿಲು ದಾಟಿ, ಜಗಲಿ ದಾಟಿ, ಇನ್ನೊಂದು ತುದಿ ಬೀದಿಯ ಬೇವಿನ ಮರದ ಕೆಳಗೆ ನಿಂತಿತು.

"ಮೇಜು ಮನೇಗೆ ಬರಲ್ಲ ಅಂದಿದ್ದೆ ಮಗಾ," ಎಂದರು ನನ್ನ ಕಡೆ ತಿರುಗಿ. "ಸಭೆ ಬಂದ್ರೆ ಬತ್ತದೆ. ಅಷ್ಟು ಒಳೀಲಿಲ್ಲ ನಂಗೆ."

ಭಾನುವಾರ ಇಡೀ ಸಭೆ ನಮ್ಮ ಮನೆಗೆ ಬಂತು. ಎದುರು ಮನೆಯ ರೈತ ಕುಟುಂಬದವರು, ಹಾಲು ಹಾಕುವವರು, ತಮ್ಮ ಮನೆಯ ಕುರ್ಚಿಗಳನ್ನೆಲ್ಲಾ ತಂದು ಹಾಕಿ, ಹಸುವನ್ನು ಆಚೆ ಕಟ್ಟಿದರು. ಅವತ್ತು ನಲ್ಲಿಯಲ್ಲಿ ನೀರು ಬಂದಿತ್ತು. ಅಷ್ಟು ಜನರಿಗೆ ಕೈ ತೊಳೆಯಲು ಸಾಕಾಯಿತು. ಅದೂ ದಯೆಯೇ. ಭೋಜನಕ್ಕೆ ಮುಂಚೆ ದೊಡ್ಡಪ್ಪ ಮಂಚದ ಪಕ್ಕ ಬಗ್ಗಿ, ಇನ್ನೂ ಕೋಪ ಇದೆಯಾ ಎಂದು ಕೇಳಿದರು. ಅತ್ತೆ ಮೇಜಿನುದ್ದಕ್ಕೂ ಕಣ್ಣು ಹಾಯಿಸಿದರು.

"ಬಟ್ಟೆಗೆ ಇಸ್ತ್ರಿ ಯಾರ್ಲಾ ಮಾಡಿದ್ದು? ಮಡಿಕೆ ಅಂಗೇ ಐತೆ."

ನಾನೇ ಮಾಡಿದ್ದು. ದೊಡ್ಡಪ್ಪ ಅದನ್ನೇ ಉತ್ತರವೆಂದುಕೊಂಡು ಅವರ ಅಂಗೈಯಲ್ಲಿ ಬಿಲ್ಲೆ ಇಟ್ಟರು, ತಮ್ಮ ಜೇಬಿಗೂ ಒಂದು ಹಾಕಿಕೊಂಡರು. ರೊಟ್ಟಿ ಬೀದಿಯ ತುದಿಯಿಂದ ಹೊರಟು, ಕೈಯಿಂದ ಕೈಗೆ ಬಾಗಿಲು ದಾಟಿ ಮಂಚಕ್ಕೆ ಬಂತು. ಪಾಸ್ಟರು ತಂದುಕೊಟ್ಟಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು, ಅತ್ತೆ ಒಬ್ಬರೇ ತಿನ್ನುತ್ತಿದ್ದರು. ಮೂರು ವಾರದ ಮೇಲೆ ಅವರು ನಿದ್ದೆಯಲ್ಲೇ ತೀರಿಕೊಂಡರು. ಆ ಮೂರು ವಾರ 'ನಂಗೆ ಯಾವಾಗ' ಎಂದು ಒಮ್ಮೆಯೂ ಕೇಳಲಿಲ್ಲ.

ಅದಾದ ಮೇಲೆ ದೊಡ್ಡಪ್ಪನ ಮಂಡಿ ಸೋತಿತು, ಉಸಿರು ಕಟ್ಟತೊಡಗಿತು. ರೈಲು ಹತ್ತಲಾಗದೆ ಬಂಗಾರಪೇಟೆಯ ಮನೆಯಲ್ಲೇ ಉಳಿದರು. ಬಿಲ್ಲೆಯ ಚೀಲವನ್ನು ನನಗೆ ಕಳಿಸಿದರು. ಹೆಂಗಸಿನ ಕೈಗೆ ಕೊಡುವುದು ಹಳೆಯ ಪದ್ಧತಿಯಲ್ಲಿದೆಯಾ ಎಂದು ಯಾರೋ ಕೇಳಿದ್ದಕ್ಕೆ, ಇಲ್ಲ, ಆದರೆ ಬಿಲ್ಲೆ ಸಿಗದೆ ಹೋದವಳಿಗೆ ಅದರ ತೂಕ ಗೊತ್ತು ಎಂದರಂತೆ.

ಕಳೆದ ತಿಂಗಳು ನಾನು ಚೀಲ ಹಿಡಿದು ಎಲ್ಲ ಮನೆಗೂ ಹೋಗಿ, ಕೊನೆಗೆ ಪ್ಯಾಸೆಂಜರು ಹತ್ತಿ ಬಂಗಾರಪೇಟೆಗೆ ಹೋದೆ. ದಿಂಬಿಗೆ ಒರಗಿ ಕೂತಿದ್ದರು. ಸ್ಟೂಲು ಎಳೆದುಕೊಂಡು ಕೂತೆ. ಅವರನ್ನು ಆ ಪ್ರಶ್ನೆ ಕೇಳಲು ನನಗೆ ನಾಚಿಕೆ.

"ಕೇಳು ಮಗಾ, ಕೆಲಸ ಅಲ್ವಾ," ಎಂದರು.

ಕೇಳಿದೆ. ಪಾಸ್ಟರ ಹೆಂಡತಿಗೆ ತಮ್ಮ ಮೇಲೆ ಕೋಪ ಇರಬೇಕು ಎಂದರು. ಕೀಬೋರ್ಡಿಗಾ ದೊಡ್ಡಪ್ಪ ಎಂದೆ.

"ಕೀಬೋರ್ಡು ಬ್ಯಾಡ ಅನ್ನೋದು ನನ್ ಮಾತು, ಅದು ಇವತ್ತೂ ಬ್ಯಾಡವೇ. ಆಯಮ್ಮ ನಮಸ್ಕಾರ ಅಂದ್ರೆ ಮಕ ತಿರುವ್ದೆನಲ್ಲಾ, ಅದು ಯಾವ ಪದ್ಧತೀಲೈತೆ?"

ನಾನು ಕೊಡಬಹುದಿತ್ತು. ಎಂಬತ್ತು ದಾಟಿದವರು, ಉಸಿರಿಗೆ ಒದ್ದಾಡುವವರು. ಬಿಲ್ಲೆ ಮುಷ್ಟಿಯಲ್ಲಿ ಬೆವರುತ್ತಿತ್ತು. ಅದನ್ನು ಚೀಲಕ್ಕೆ ಹಾಕಿ ಎದ್ದೆ.

"ಶನಿವಾರ ಬತ್ತೀನಿ ದೊಡ್ಡಪ್ಪ," ಎಂದೆ.

ಅವರು ನಕ್ಕರು. ನಗು ಕೆಮ್ಮಾಗಿ, ಮಗಳು ನೀರು ತರಬೇಕಾಯಿತು. ಮೆಟ್ಟಿಲು ಇಳಿಯುವವರೆಗೂ ಅವರು ಕೆಮ್ಮುತ್ತಾ ನಗುತ್ತಾ ಇದ್ದದ್ದು ಕೇಳುತ್ತಿತ್ತು.

ಶನಿವಾರ ಹೋದಾಗ ಬಾಗಿಲಲ್ಲಿ ಪರಿಚಯದ ಚಪ್ಪಲಿ ಕಂಡಿತು. ಒಳಗೆ ಪಾಸ್ಟರ ಹೆಂಡತಿ ನೆಲದ ಮೇಲೆ ಕೂತು ಮಂಚದ ಅಂಚಿಗೆ ರೆಕಾರ್ಡಿಗೆಂದು ಮೊಬೈಲು ಇಟ್ಟಿದ್ದಳು. ದೊಡ್ಡಪ್ಪನೇ ಮಗಳಿಂದ ಫೋನು ಮಾಡಿಸಿ ಕರೆಸಿಕೊಂಡಿದ್ದರು. ಒಂದೊಂದೇ ಹಳೆಯ ರಾಗ, ಒಂದೊಂದೇ ಸಾಲು, ಉಸಿರಿದ್ದಷ್ಟು ಹೇಳಿಕೊಡುತ್ತಿದ್ದರು. ಅವಳು ತೊಡೆಯ ಮೇಲೆ ಎರಡು ಬೆರಳಿನಿಂದ ತಾಳ ಹಾಕುತ್ತಿದ್ದಳು. ಓಡಬೇಡಮ್ಮಾ, ಕರ್ತನಿಗೇನೂ ರೈಲು ಹಿಡಿಯೋ ಅವಸರ ಇಲ್ಲ ಎಂದು ಅವಳಿಗೆ ಹೇಳಿ, ನನ್ನ ಕಡೆ ಅಂಗೈ ಚಾಚಿದರು. ಕೊಟ್ಟೆ. ನಾಳೆ ನಿಮ್ಮ ಮನೆಗೇ ಮೇಜು ತರುತ್ತೇವೆ ಎಂದೆ. ಬೇಡ, ಕಾರು ಹೇಳಿದ್ದೀನಿ, ಬರುತ್ತೀನಿ ಎಂದರು.

ಭಾನುವಾರ ಬೆಳಿಗ್ಗೆ ಕಾಫಿ ಕುಡಿದು, ಗಂಜಿ ಹಾಕಿದ ಪಂಚೆ ಉಡಿಸಿಕೊಂಡು, ಕಾರು ಬರಲಿ ಎಂದು ಕುರ್ಚಿಯಲ್ಲಿ ಕೂತವರು ಕೂತ ಹಾಗೇ ಹೋದರು. ನಾವು ಮೇಜಿಗೆ ಬಟ್ಟೆ ಹಾಸುತ್ತಿದ್ದಾಗ ಫೋನು ಬಂತು. ಭೋಜನವನ್ನು ಮುಂದಕ್ಕೆ ಹಾಕೋಣವೇ ಎಂದು ಪಾಸ್ಟರು ಕೇಳಿದರು. ಹಾಕಿದರೆ ಅವರು ಬೈಯುತ್ತಾರೆ ಎಂದೆ. ಎಲ್ಲರೂ ಕೂತೆವು. ಪಾಸ್ಟರ ಹೆಂಡತಿ ಕೀಬೋರ್ಡಿನ ಮೇಲೆ ಬಟ್ಟೆ ಮುಚ್ಚಿ ಬಂದು, ಮೂರು ಸಲ ಗಂಟಲು ಸರಿಮಾಡಿಕೊಂಡು, ಮೊದಲ ಸಾಲು ಎತ್ತಿದಳು.

ಮಣ್ಣು ಮಾಡುವ ಮುಂಚೆ ಅವರ ಮಗಳು ನನ್ನನ್ನು ಪಕ್ಕಕ್ಕೆ ಕರೆದು, ಅಪ್ಪನ ಜೇಬಿನಲ್ಲಿ ಬಿಲ್ಲೆ ಇದೆ, ತೆಗೆದುಕೊಡಲಾ ಎಂದು ಕೇಳಿದಳು. ಇರಲಿ ಬಿಡಮ್ಮಾ ಎಂದೆ.

ಹೋದ ವಾರ ಪಾಸ್ಟರು ಮನೆಗೆ ಬಂದಿದ್ದರು. ನಾನು ಕಾಫಿ ಇಡುತ್ತಿದ್ದಾಗ ಚೀಲವನ್ನು ಊಟದ ಮೇಜಿನ ಮೇಲೆ ಸುರಿದು, ಹತ್ತು ಹತ್ತರ ಸಾಲು ಮಾಡಿ, ಎರಡು ಸಲ ಎಣಿಸಿದರು.

"ಅರವತ್ತಕ್ಕೆ ಐವತ್ತೊಂಬತ್ತೇ ಇದೆಯಲ್ಲಕ್ಕಾ. ಒಂದು ಕಳೆದಿದೆ."

"ಕಳೆದಿಲ್ಲ ಪಾಸ್ಟರೇ," ಎಂದೆ. "ಕೊಟ್ಟಿದ್ದೀನಿ."